ಗಾಡಿಗೆ ಆಸರಿ

ಈಗಿನ ಮೋಟಾರುಗಳಿಗೆ ಬಾಯಾರಿಕೆ ಎನ್ನುವುದೇ ಇಲ್ಲ. ಮೊನ್ನೆ ಮೊಮ್ಮಗ ಹೊಸ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಶಿರಸಿಯಿಂದ ಯಲ್ಲಾಪುರಕ್ಕೆ ಹೊರಟ. ಹತ್ತು ಮೈಲಿ ಆಗುವುದರೊಳಗೆ ನಾನು ನನ್ನ ಹಳೆಯ ಚಾಳಿಯಂತೆ, "ಗಾಡಿಗೆ ನೀರು ಇದ್ದ, ಇಲ್ಯ, ಒಂದ್ಸಲ ಇಳಿದು ನೋಡಾ" ಎಂದೆ. ಅವನು ನಕ್ಕುಬಿಟ್ಟ. "ಅಜ್ಜ, ಇದ್ಕೆ ನೀರು ಹಾಕದೆ ಎಷ್ಟೋ ತಿಂಗಳಾತು. ನಿಂಗಕ್ಕೆ ಬೇಕಾದ್ರೆ ಹೇಳಿ, ಬಾಟ್ಲಿ ಇದ್ದು" ಎಂದ. ನನಗೆ ಬೇಕಾಗಿರಲಿಲ್ಲ. ಆದರೂ ದಾರಿಯುದ್ದಕ್ಕೂ ಮುಂದಿನ ಬಾನೆಟ್ಟಿನ ಮೇಲೆ ಹೊಗೆ ಏಳುತ್ತದೆಯೇ ಎಂದು ನೋಡುತ್ತಲೇ ಇದ್ದೆ.

ನೀವು ನಂಬುವುದಾದರೆ ಹೇಳುತ್ತೇನೆ, ನಾನು ಹರೆಯದಲ್ಲಿದ್ದಾಗ ಮೋಟಾರು ಎಂದರೆ ಕುಡಿಯುವ ಪ್ರಾಣಿ. ಸಣ್ಣ ಏರು ಬಂದರೆ ಸಾಕು, ಮೂತಿಯಿಂದ ಬುಸ್ಸೆಂದು ಹಬೆ ಬಿಡುತ್ತ ನಿಂತುಬಿಡುತ್ತಿತ್ತು. ರಸ್ತೆ ಬದಿಯ ಮನೆಯವರು ಕೊಡ ಹಿಡಿದು ಓಡಿ ಬರುತ್ತಿದ್ದರು. ನಮ್ಮ ಕಡೆ ಬಂದವರನ್ನು ಮೊದಲು ಕೇಳುವ ಮಾತೇ "ಆಸರಿಗೆ ಎಂತ ಬೇಕು?" ಅಂದರೆ ಬಾಯಾರಿಕೆಗೆ ಏನು ಕೊಡಲಿ ಎಂದು. ನೆಂಟರಿಗೂ ಅದೇ, ಸಾಲ ವಸೂಲಿಗೆ ಬಂದವನಿಗೂ ಅದೇ. ಬರೀ ನೀರು ಕೊಟ್ಟು ಕಳಿಸಿದರೆ ಮನೆಯ ಮರ್ಯಾದೆಗೆ ಕಡಿಮೆ. ಕೂಡೆ ಒಂದು ಚೂರು ಬೆಲ್ಲವಾದರೂ ಇರಬೇಕು. ಕೇಳುವುದು ಮನೆಯವರ ಧರ್ಮ, ಬೇಡವೆನ್ನುವುದು ಬಂದವರ ಹಣೆಬರಹ. ನಾನು ಒಮ್ಮೆ ಬೇಡವೆಂದೆ. ಆ ಕತೆಗೇ ಬರುತ್ತಿದ್ದೇನೆ, ಸ್ವಲ್ಪ ಸುತ್ತು ಬಳಸಿ.

ನಾನಾಗ ಶಿರಸಿಯಲ್ಲಿ ಹೊಸದಾಗಿ ಸಾಲೆ ಮಾಸ್ತರನಾಗಿದ್ದೆ. ಅಪ್ಪಯ್ಯ ಪೇಟೆಯಲ್ಲೇ ಪುರೋಹಿತ. ನಮಗೆ ತೋಟ ಗದ್ದೆ ಒಂದೂ ಇರಲಿಲ್ಲ. ಇದ್ದ ಆಸ್ತಿಯೆಂದರೆ ಅಪ್ಪಯ್ಯನ ಹಟ ಒಂದೇ. ನನ್ನ ಜೀವದ ಗೆಳೆಯ ಕರೀಂ. ಅವನ ಮನೆಯವರು ಸಾಮಾನು ಸಾಗಿಸುವ ಮೋಟಾರು ಇಟ್ಟಿದ್ದರು, ಆದರೆ ಕರೀಮನನ್ನು ಅಂಗಡಿಯ ಗಾದಿಯ ಮೇಲೆ ಕೂರಿಸಿದ್ದರೇ ಹೊರತು ಚಕ್ರ ಮುಟ್ಟಲು ಬಿಟ್ಟಿರಲಿಲ್ಲ. ಮನೆಯ ಹಿಂದೆ ಮಾಡು ಹರಿದ ಹಳೆಯ ಕಾರೊಂದು ಕೋಳಿಗಳಿಗೆ ಮನೆಯಾಗಿ ಬಿದ್ದಿತ್ತು. ಕೋಳಿಗಳನ್ನು ಒಕ್ಕಲೆಬ್ಬಿಸಿ, ಅದರ ಮೇಲೆ ನಾವಿಬ್ಬರೂ ಒಟ್ಟಿಗೇ ಗಾಡಿ ಕಲಿತೆವು. ನನಗೆ ಗೊತ್ತಿದ್ದದ್ದು ಎತ್ತಿನ ಗಾಡಿ. ಹೀಗಾಗಿ ನಿಲ್ಲಿಸಬೇಕಾದಾಗಲೆಲ್ಲ ಕಾಲಿಗಿಂತ ಮೊದಲು ಬಾಯಿ "ಹೋ ಹೋ" ಎಂದುಬಿಡುತ್ತಿತ್ತು. "ಮಾಸ್ತರ, ಇದಕ್ಕೆ ಕಿವಿ ಇಲ್ಲ ಮಾರಾಯಾ, ಕಾಲಬುಡಕ್ಕೆ ಬ್ರೇಕ್ ಅದೆ, ಅದನ್ನ ಒತ್ತು!" ಎಂದು ಕರೀಂ ಕಿರುಚುವಷ್ಟರಲ್ಲಿ ಅವರ ಮನೆಯ ಹುಲ್ಲಿನ ಬಣವೆ ನಮ್ಮನ್ನು ನಿಲ್ಲಿಸಿರುತ್ತಿತ್ತು. ಆ ಬಣವೆಯ ಉಪಕಾರವನ್ನು ನಾನು ಮರೆಯಲಾರೆ.

ಸಂಕ್ರಾಂತಿ ಕಳೆದ ಮೇಲೆ ಊರಲ್ಲಿ ಸುದ್ದಿ ಎದ್ದಿತು: ಮೋಟಾರು ಪಂದ್ಯ. ಕಾರು ಇದ್ದ ನಾಲ್ಕಾರು ವಕೀಲರು, ವ್ಯಾಪಾರಿಗಳು ಸೇರಿ ಹೂಡಿದ್ದು. ಗಾಡಿ ಹೊಡೆದು ಸಂಬಳ ಪಡೆದವರಿಗೆ ಅದರಲ್ಲಿ ಜಾಗವಿಲ್ಲ. ನಮ್ಮಂಥ ಹೊಸಬರಿಗೆ, ಹವ್ಯಾಸಿಗಳಿಗೆ ಮಾತ್ರ. ಬೆಳಿಗ್ಗೆ ಸಿದ್ದಾಪುರದಿಂದ ಹೊರಟು, ಶಿರಸಿ, ಯಲ್ಲಾಪುರ, ನಂದೊಳ್ಳಿಯ ಮೇಲೆ ಮಾಗೋಡು ಜಲಪಾತದ ಹತ್ತಿರ ಮುಗಿಯಬೇಕು. ಎಲ್ಲರಿಗಿಂತ ಮುಂದೆ ಓಡುವ ಪಂದ್ಯವಲ್ಲ ಅದು. ಒಂದೊಂದು ಊರಿಗೆ ಒಂದೊಂದು ಹೊತ್ತು ಗೊತ್ತುಮಾಡಿದ್ದರು. ತಡವಾದರೆ ಗುಣ, ಅಂದರೆ ಅಂಕ, ಕಡಿತ, ಬೇಗ ಹೋದರೂ ಕಡಿತ. ನಿಯಮಗಳನ್ನು ಓದಿ ಹೇಳಿದವರು ಧಾರವಾಡದ ಕಡೆಯಿಂದ ಬಂದು ನೆಲೆಸಿದ್ದ ಒಬ್ಬ ಮುದಿ ರಾಯರು, ರಸ್ತೆ ಕಟ್ಟಿಸಿ ನಿವೃತ್ತರಾದವರು.

"ಗಾಡಿಗೆ ನೀರು ಹಾಕಲಿಕ್ಕೆ ಬೇಕಾದಷ್ಟು ಸಲ ನಿಲ್ಲಸ್ರಿ, ಬ್ಯಾಡ ಅನ್ನೂದಿಲ್ಲ" ಎಂದರು ರಾಯರು. "ಆದ್ರ ಯಾರ ಮನಿ ಅಂಗಳಾನೂ ತುಳೀಬಾರ್ದು. ತುಳಿದ್ರಿ ಅಂದ್ರ ಪಂದ್ಯದಿಂದ ಹೊರಗ. ನಿಮ್ಮ ಮಂದಿ ನನಗ ಗೊತ್ತದರೀ. ನೆಂಟರ ಮನಿ ಹೊಕ್ಕರ ಊಟಾ ಮಾಡಿ, ಒಂದು ನಿದ್ದಿ ತಗದು, ಚಾ ಕುಡದು ಬರ್ತೀರಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ನಂದೊಳ್ಳಿ ಎಂಬ ಹೆಸರು ಕೇಳಿದಾಗಿನಿಂದ ನನ್ನ ಎದೆ ಬೇರೆಯೇ ಲೆಕ್ಕ ಹಾಕುತ್ತಿತ್ತು. ಅಲ್ಲಿ ನನ್ನ ಗೋದಕ್ಕ ಇದ್ದಳು, ರಸ್ತೆಯ ಪಕ್ಕದ್ದೇ ಮನೆ. ನಾನು ಅವಳನ್ನು ನೋಡಿ ಮೂರು ವರ್ಷವಾಗಿತ್ತು.

ಕಾರಣ ಕೇಳಿದರೆ ನೀವೂ ನಗುತ್ತೀರಿ. ನಮ್ಮ ಮನೆಯ ಒಂದು ಉಪನಯನ. ಅಳಿಯನೆಂದರೆ ದೂರದಿಂದ ಎಲ್ಲರ ಜೊತೆ ಸೇರಿಸಿ ಕರೆಯುವ ಹಾಗಿಲ್ಲ. ಹತ್ತಿರ ಹೋಗಿ, ಮುಖ ನೋಡಿ, "ಊಟಕ್ಕೆ ಏಳವು" ಎನ್ನಬೇಕು. ಅಪ್ಪಯ್ಯ ಮಂತ್ರ ಹೇಳಿ ಗಂಟಲು ಒಣಗಿ, ಬಾಗಿಲಲ್ಲೇ ನಿಂತು ಎಲ್ಲರಿಗೂ ಒಟ್ಟು ಕೈ ಬೀಸಿಬಿಟ್ಟ. ಕಾಲು ತೊಳೆದು ಕರೆಗೆ ಕಾದು ಕೂತಿದ್ದ ಭಾವ ಎದ್ದವನೇ ಅಕ್ಕನನ್ನು ಕರೆದುಕೊಂಡು, ಉಣ್ಣದೆ ನಡೆದುಬಿಟ್ಟ. ಅಪ್ಪಯ್ಯ ತುಂಬಿದ ಪಂಕ್ತಿಯ ಎದುರಿಗೆ ಹೇಳಿದ: "ಅನ್ನ ಬಿಟ್ಟು ಹೋದವ್ನ ಮನೆ ನೀರು ಇನ್ನು ಯಮ್ಮನೆಯವ್ರ ಗಂಟ್ಲಲ್ಲಿ ಇಳಿಯಲಾಗ." ಅಷ್ಟೇ. ಹೊಕ್ಕುಬಳಕೆ ನಿಂತಿತು. ಆಯಿ, ನಮ್ಮ ತಾಯಿ, ಹಬ್ಬಕ್ಕೆ ಕಡುಬು ಬೇಯಿಸುವಾಗಲೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡು ತಪ್ಪನ್ನು ಹೊಗೆಯ ಮೇಲೆ ಹಾಕುತ್ತಿದ್ದಳು.

ಗೋದಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ಶಿರಸಿಗೆ ಮೋಟಾರು ಬರತೊಡಗಿದ ಕಾಲಕ್ಕೆ ನಮ್ಮಿಬ್ಬರ ಆಟವೇ ಮೋಟಾರಿನ ಆಟ. ಅಕ್ಕಿ ಕೇರುವ ಗೆರಸೆಯೇ ಚಕ್ರ. ಅದನ್ನು ತಿರುಗಿಸುತ್ತ ನಾನು ಮುಂದೆ, ನನ್ನ ಅಂಗಿಯ ಚುಂಗು ಹಿಡಿದು ಬುರ್ರೆನ್ನುತ್ತ ಅಕ್ಕ ಹಿಂದೆ. ಎಂಜಿನ್ನು ಅವಳೇ, ಹಾರನ್ನು ಅವಳೇ, ಬಿದ್ದರೆ ಮೊಣಕಾಲಿನ ಮಣ್ಣು ಝಾಡಿಸುವವಳೂ ಅವಳೇ. ಆಯಿ ಕೆಲಸಕ್ಕೆ ಕರೆದರೆ, "ತಡಿ ಆಯಿ, ಬ್ರೇಕ್ ಬೀಳ್ತಾ ಇಲ್ಲೆ" ಎಂದು ಕೂಗಿ ಇನ್ನೊಂದು ಸುತ್ತು ಓಡಿಸುತ್ತಿದ್ದಳು. ಮದುವೆಯಾಗಿ ಹೋಗುವಾಗ ಅವಳು ಅತ್ತದ್ದಕ್ಕಿಂತ ನಾನು ಅತ್ತದ್ದೇ ಹೆಚ್ಚು ಎಂದು ಊರವರು ಹೇಳುತ್ತಿದ್ದರು. ಇರಬಹುದು. ಈ ವಯಸ್ಸಿನಲ್ಲೂ ಅದನ್ನು ಅಲ್ಲಗಳೆಯುವ ಧೈರ್ಯ ನನಗಿಲ್ಲ.

ಹೀಗೆ ನನ್ನ ಮುಂದೆ ಎರಡು ಗೋಡೆ: ಅಪ್ಪಯ್ಯನ ಶಪಥ, ರಾಯರ ನಿಯಮ. ಆ ಮನೆಯ ನೀರು ನಾನು ಕುಡಿಯುವಂತಿಲ್ಲ, ಆ ಮನೆಯ ಅಂಗಳ ತುಳಿಯುವಂತಿಲ್ಲ. ಆದರೆ ಗಾಡಿ ಕುಡಿಯಬಹುದಲ್ಲ! ಅಪ್ಪಯ್ಯ ಗಾಡಿಯ ಗಂಟಲಿನ ಮಾತು ಎತ್ತಿರಲಿಲ್ಲ. ರಾಯರಂತೂ ಅದಕ್ಕೆ ಬಾಯಿ ಬಿಟ್ಟು ಅಪ್ಪಣೆ ಕೊಟ್ಟಿದ್ದರು. ಗಾಡಿ ಅಕ್ಕನ ಮನೆಯ ಎದುರಿಗೇ ಕುದಿಯಬೇಕು, ನಾನು ನೀರು ಕೇಳಬೇಕು, ಅಕ್ಕ ಹೊರಗೆ ಬರಬೇಕು, ನಾನು ಅವಳ ಮುಖ ನೋಡಬೇಕು. ಗೆದ್ದವರಿಗೆ ಕೊಡುವ ಕಪ್ಪು, ಬಹುಮಾನ ಎಲ್ಲ ಕರೀಮನ ಆಸೆ. ನನ್ನದು ಇಷ್ಟೇ. ಇದನ್ನು ನಾನು ಕರೀಮನಿಗೂ ಹೇಳಿರಲಿಲ್ಲ.

ನಮ್ಮ ಕೋಳಿಗೂಡಿನ ಕಾರೂ ಸೇರಿ ಆರು ಗಾಡಿಗಳು ಸಿದ್ದಾಪುರದಿಂದ ಹೊರಟವು. ಒಬ್ಬ ವಕೀಲರು ದಾರಿಯಲ್ಲಿ ನಡೆದು ಹೋಗುತ್ತಿದ್ದ ಪರಿಚಯದವರನ್ನು ಬಿಟ್ಟು ಹೋಗಲು ಮನಸ್ಸಾಗದೆ ಹತ್ತಿಸಿಕೊಳ್ಳುತ್ತ ಹತ್ತಿಸಿಕೊಳ್ಳುತ್ತ, ಶಿರಸಿ ಮುಟ್ಟುವಾಗ ಐದು ಜನ ಮತ್ತು ಒಂದು ಕುಂಬಳಕಾಯಿಯ ಸಮೇತ ಇಳಿದರು. ನಾವು ಬೇಗ ಬಂದು, ಊರ ಹೊರಗೆ ಆಮೆಯ ಹಾಗೆ ಉರುಳಿ, ಹೊತ್ತಿಗೆ ಸರಿಯಾಗಿ ಪೇಟೆ ಹೊಕ್ಕೆವು. ಅಲ್ಲಿ ಅಪ್ಪಯ್ಯ ತರಕಾರಿ ಚೀಲ ಹಿಡಿದು ನಿಂತಿದ್ದ. ಅಂದು ಸಂತೆಯೂ ಅಲ್ಲ, ತರಕಾರಿ ಕೊಳ್ಳುವುದು ಅಪ್ಪಯ್ಯನ ಕೆಲಸವೂ ಅಲ್ಲ. ಹತ್ತಿರ ಬಂದು ಗಾಡಿಯ ಮೂತಿ ನೋಡುತ್ತ ಕೇಳಿದ.

"ಮುಂದೆ ಯಾವ ದಾರಿ?"

"ಯಲ್ಲಾಪುರ. ಆಮೇಲೆ ನಂದೊಳ್ಳಿ ಮೇಲೆ ಮಾಗೋಡು" ಎಂದೆ.

ಅಪ್ಪಯ್ಯ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ರಸ್ತೆ ನೋಡ್ಕಂಡು ಹೋಗು" ಎಂದು ಹೇಳಿ, ಏನೂ ಕೊಳ್ಳದೆ ಮನೆಯ ಕಡೆ ನಡೆದ.

ಯಲ್ಲಾಪುರದ ದಾರಿಯಲ್ಲಿ ಗಾಡಿ ಮೂರು ಸಲ ಕುದಿಯಿತು. ಬೇಡ್ತಿ ಹೊಳೆ ದಾಟಿ ಏರು ಹತ್ತುವಾಗಲಂತೂ ಅದರ ಹಬೆಯಲ್ಲಿ ನಮಗೆ ರಸ್ತೆಯೇ ಕಾಣಲಿಲ್ಲ. ಆದರೂ ಯಲ್ಲಾಪುರದಲ್ಲಿ ಗಡಿಯಾರ ಹಿಡಿದು ಕೂತಿದ್ದವರು, ಈವರೆಗೆ ನಿಮ್ಮದೇ ಎಲ್ಲರಿಗಿಂತ ಹೆಚ್ಚು ಗುಣ ಎಂದರು. ಕರೀಂ ಖುಷಿಯಲ್ಲಿ ನನ್ನ ಬೆನ್ನಿಗೆ ಗುದ್ದಿದ. ಅದೇ ಖುಷಿಯಲ್ಲಿ ಗಾಡಿಗೆ ಕಂಠಮಟ್ಟ ನೀರನ್ನೂ ತುಂಬಿದ. ನನ್ನ ಜೀವ ಹೋದ ಹಾಗಾಯಿತು.

ಬೇಡದಲ್ಲೆಲ್ಲ ಕುದಿದ ಗಾಡಿ ನಂದೊಳ್ಳಿಯ ದಾರಿಯಲ್ಲಿ ಸನ್ಯಾಸಿಯ ಹಾಗೆ ತಣ್ಣಗಾಯಿತು. ಹೊಟ್ಟೆ ತುಂಬ ನೀರು, ಮೇಲೆ ಕಾಡಿನ ನೆರಳು, ರಸ್ತೆಯೂ ಸಪಾಟು. ಬಿಸಿಯಾಗಲೆಂದು ನಾನು ಮೊದಲನೆಯ ಗೇರಿನಲ್ಲೇ ಗೊರ್ರೆನಿಸುತ್ತ ಎಳೆದೆ. ಕರೀಂ ಗಡಿಯಾರ ನೋಡಿ ನೋಡಿ ಸಿಡಿದ.

"ಏನು ಮಾಡ್ತಾ ಇದ್ದಿ ಮಾಸ್ತರ? ಗಾಡಿ ಕೊಲ್ತೀಯಾ? ಟೈಮ್ ಹೋಗ್ತಾ ಅದೆ!"

"ಕರೀಂ, ಮುಂದಿನ ತಿರುವಿನಲ್ಲಿ ನಮ್ಮ ಗೋದಕ್ಕನ ಮನೆ" ಎಂದೆ.

ಅವನಿಗೆ ಮನೆಯ ಕತೆಯೆಲ್ಲ ಗೊತ್ತಿತ್ತು. ಗಡಿಯಾರವನ್ನು ಒಮ್ಮೆ ನೋಡಿ ಕಿಸೆಗೆ ಹಾಕಿಕೊಂಡ. ತಿರುವು ದಾಟಿ ಮನೆ ಕಂಡ ಕೂಡಲೇ "ನಿಲ್ಸು" ಎಂದ. ಇಳಿದು, ಗಾಡಿಯ ಅಡಿಗೆ ನುಗ್ಗಿ, ನೀರಿನ ತೊಟ್ಟಿಯ ಕೆಳಗಿನ ತಿರುಪು ಸಡಿಲಿಸಿದ. ಅವನೇ ತುಂಬಿದ ನೀರು ಕೆಂಪು ಧೂಳಿನಲ್ಲಿ ಹರಿದು ಚರಂಡಿ ಸೇರಿತು. "ಈಗ ನೀರು ಬೇಕಲ್ಲ?" ಎಂದು ಎದ್ದು ನಿಂತ. ಕಪ್ಪಿನ ಆಸೆಯಲ್ಲಿ ತಿಂಗಳು ನಿದ್ದೆಗೆಟ್ಟವನು ಅವನು. ಅಂಥ ಗೆಳೆಯ ನನಗೆ ಮತ್ತೆ ಸಿಗಲಿಲ್ಲ, ನಿಮಗೆ ಸಿಕ್ಕಿದ್ದರೆ ನೀವು ಪುಣ್ಯವಂತರು.

ಅಂಗಳದ ಬಾಯಿಗೆ ಅಡ್ಡ ಹಾಕಿದ್ದ ಮರದ ದಣಪೆಯ ಈಚೆಗೆ, ರಸ್ತೆಯಲ್ಲೇ ನಿಂತು ಕರೀಂ ಕೂಗಿದ. "ಅಮ್ಮಾ, ಯಾರಿದ್ದೀರಿ ಮನೆಯಲ್ಲಿ? ಗಾಡಿಗೆ ನೀರು ಬೇಕಿತ್ತು!"

ಹೊರಗೆ ಬಂದವನು ಭಾವ. ನನ್ನನ್ನು ಕಂಡು ದಣಪೆಯ ಹತ್ತಿರ ನಿಂತ. ನಾನೂ ನಿಂತೆ. ಕೊನೆಗೆ ಗಾಡಿಯ ಗಾಲಿ ನೋಡುತ್ತ ಅವನು ಕೇಳಿದ.

"ಆಸರಿಗೆ ಎಂತ ಬೇಕು?"

"ಯಂಗೆ ಎಂತದೂ ಬೇಡ ಭಾವ. ಗಾಡಿಗೆ ನೀರು ಸಾಕು."

"ತಡಿ, ಆನು ತತ್ತೆ" ಎಂದು ಅವನು ತಿರುಗುವಷ್ಟರಲ್ಲಿ, ಸಣ್ಣ ತಾಮ್ರದ ಕೊಡ ಸೊಂಟಕ್ಕಿಟ್ಟುಕೊಂಡು ಗೋದಕ್ಕ ಬಾಗಿಲಿಗೆ ಬಂದಿದ್ದಳು. ಭಾವ ಗದರಿಸಿದ. "ನೀ ಬರಡ. ಒಳಗೆ ಹೋಗು."

ನನ್ನ ಮೈ ಉರಿಯಿತು. ಮೂರು ವರ್ಷದ ಮೇಲೆ ಬಂದ ತಮ್ಮನ ಹತ್ತಿರವೂ ಹೋಗಬಾರದೇ? ಎಂಥ ಕಲ್ಲು ಮನುಷ್ಯ! ಅಕ್ಕ ಮಾತ್ರ "ನಿಂಗ ಸುಮ್ನೆ ಕೂತ್ಕಳಿ" ಎಂದು ದಣಪೆ ದಾಟಿ ರಸ್ತೆಗೆ ಬಂದಳು.

"ತಮಾ, ಇದೇನ ನಿನ್ನ ಗಾಡಿ?"

"ಹೌದು ಅಕ್ಕ."

ನಾನು ಬಟ್ಟೆಯಲ್ಲಿ ಮುಚ್ಚಳ ತಿರುಗಿಸಿ ತೆಗೆದೆ. ಅಕ್ಕ ಸುರಿಯತೊಡಗಿದಳು. ಬಿಸಿ ಎಂಜಿನ್ನಿಗೆ ಒಮ್ಮೆಲೇ ತಣ್ಣೀರು ಬೀಳಬಾರದು, ಸ್ವಲ್ಪ ಸ್ವಲ್ಪವೇ ಹಾಕಬೇಕು ಎಂದು, ತಿರುಪು ಬಿಗಿಯುವ ನೆವದಲ್ಲಿ ಮತ್ತೆ ಗಾಡಿಯ ಅಡಿಗೆ ಹೊಕ್ಕಿದ್ದ ಕರೀಂ ಅಲ್ಲಿಂದಲೇ ಹೇಳುತ್ತಿದ್ದ. ಕೊಡ ಮುಗಿದರೆ ಅಕ್ಕ ಮತ್ತೆ ಬಾವಿಗೆ ಹೋಗುವಳು, ಮತ್ತೆ ಬರುವಳು. ಕೊಡಕ್ಕೆ ಒಂದು ಮಾತು.

"ಆಯಿ ಹ್ಯಾಂಗಿದ್ದು?"

"ಅರಾಮಿದ್ದು."

"ಅಪ್ಪಯ್ಯ?"

"ಅಂವ ಹಾಂಗೇ ಇದ್ದ."

ಮೂರನೆಯ ಕೊಡಕ್ಕೆ ಕೇಳಿದಳು. "ಯನ್ನ ಸುದ್ದಿ ತೆಗೀತ್ವ?"

"ದಿನಾ" ಎಂದೆ. ಆಯಿಯ ಮಟ್ಟಿಗೆ ಅದು ನಿಜ. ಅಪ್ಪಯ್ಯನ ಪಾಲಿನ ಸುಳ್ಳನ್ನೂ ಅದರಲ್ಲೇ ಸೇರಿಸಿದೆ.

ಮೂರು ಕೊಡಕ್ಕೆ ತುಂಬಬೇಕಾದ ತೊಟ್ಟಿ ತುಂಬಲೇ ಇಲ್ಲ. ಬಗ್ಗಿ ನೋಡಿದೆ. ಕರೀಂ ತಿರುಪನ್ನು ಪೂರ್ತಿ ಮುಚ್ಚದೆ, ಅಡಿಯಲ್ಲಿ ಮಲಗಿ ನನ್ನ ಕಡೆ ಕಣ್ಣು ಮಿಟುಕಿಸುತ್ತಿದ್ದ. ಮೇಲೆ ಹಾಕಿದ್ದೆಲ್ಲ ಕೆಳಗೆ ಹರಿದು ಚರಂಡಿ ಸೇರುತ್ತಿತ್ತು. ನೀರು ತುಂಬಿದರೆ ನಾವು ಹೊರಡಬೇಕಲ್ಲ, ಅದಕ್ಕೆ! ನನಗೆ ಅವನನ್ನು ಅಪ್ಪಿಕೊಳ್ಳಬೇಕೆನಿಸಿತು. ನಾಲ್ಕಾಯಿತು, ಐದಾಯಿತು. ಜಗಲಿಯಿಂದ ಭಾವ ಕೂಗಿದ. "ಇದ್ರ ಹೊಟ್ಟೆಗೆ ತಳ ಇದ್ದ, ಇಲ್ಯ?"

"ದೂರದಿಂದ ಬಂದದ್ದಲ್ವಾ ಸ್ವಾಮಿ, ನಿಧಾನ ಕುಡೀತದೆ" ಎಂದ ಕರೀಂ ಅಡಿಯಿಂದ.

ಆರನೆಯ ಕೊಡವನ್ನು ನಾನೇ ಕೈ ಚಾಚಿ ಇಸಿದುಕೊಂಡೆ. ಅಕ್ಕನ ಬೆರಳು ನನ್ನ ಬೆರಳಿಗೆ ತಾಗಿತು, ಸುಡುವಷ್ಟು ಬಿಸಿ. "ಗಾಡಿ ಸುಡ್ತು ಅಕ್ಕ, ದೂರ ನಿಂತ್ಕ" ಎಂದೆ. ಅವಳು ನಕ್ಕ ಹಾಗೆ ಕೇಳಿಸಿತು.

ಇನ್ನು ಸಾಕೆಂದು ಕರೀಂ ತಿರುಪು ಮುಚ್ಚಿ ಎದ್ದ. ಏಳನೆಯ ಕೊಡಕ್ಕೆ ಅಕ್ಕ ಒಳಗೆ ಹೋಗಿ ತಡಮಾಡಿದಳು. ಬಂದಾಗ ಕೊಡದಲ್ಲಿದ್ದದ್ದು ನೀರಲ್ಲ, ಕಂದು ಬಣ್ಣದ ಪಾನಕ. ಆಲೆಮನೆಯ ಹೊಸ ಜೋನಿಬೆಲ್ಲದ ಪರಿಮಳ ರಸ್ತೆಯವರೆಗೂ ಬಂತು.

"ನೀ ಕುಡಿತಿಲ್ಲೆ ಹೇಳಿ ಗೊತ್ತಿದ್ದು" ಎಂದಳು. "ಅದಾದ್ರೂ ಕುಡೀಲಿ. ಬರೀ ನೀರು ಕೊಟ್ಟು ಕಳ್ಸ ಪದ್ಧತಿ ಈ ಮನೇಲಿ ಇಲ್ಲೆ."

ಬೆಲ್ಲ ಹೊಕ್ಕರೆ ಗಾಡಿಯ ಗತಿ ಏನೆಂದು ನನಗೂ ಗೊತ್ತಿತ್ತು, ಕರೀಮನಿಗೂ ಗೊತ್ತಿತ್ತು. ಅವನು ಬಾಯಿ ತೆರೆದ, ನನ್ನ ಮುಖ ನೋಡಿ ಮುಚ್ಚಿದ. ಆಮೇಲೆ ತಾನೇ "ಹಾಕಿ ಅಕ್ಕ" ಎಂದ. ಅವಳು ಕೊನೆಯ ತೊಟ್ಟಿನವರೆಗೂ ಸುರಿದಳು. ಎರಡು ಹೆಜ್ಜೆ ಹಿಂದೆ ಸರಿದು, "ನಿಧಾನ ಹೋಗು ತಮಾ" ಎಂದಳು.

ಮಾಗೋಡಿಗೆ ಇನ್ನೂ ದಾರಿ ಇರುವಾಗಲೇ ಗಾಡಿ ಕುದಿಯಿತು. ಕಾಡೆಲ್ಲ ಬೆಲ್ಲ ಸೀದ ವಾಸನೆ. ಜೇನುನೊಣಗಳು ಬಂದು ಬಾನೆಟ್ಟಿಗೆ ಮುತ್ತಿದವು. ಕೊನೆಗೆ ಕಟ್ಟಿಗೆ ಗಾಡಿಯವನೊಬ್ಬ ಎತ್ತು ಬಿಚ್ಚಿ ನಮ್ಮ ಮೋಟಾರಿಗೆ ಕಟ್ಟಿದ. ಹಾಗೆ ನಾನು ನನಗೆ ಸರಿಯಾಗಿ ಬರುತ್ತಿದ್ದ ವಿದ್ಯೆಯಿಂದಲೇ, "ಹೋ ಹೋ" ಎನ್ನುತ್ತ ಪಂದ್ಯ ಮುಗಿಸಿದೆ, ಎಲ್ಲರಿಗಿಂತ ಕೊನೆಗೆ. ರಾಯರು ಮೂಗು ಅರಳಿಸಿ ಗಾಡಿಯ ಸುತ್ತ ಒಂದು ಸುತ್ತು ಬಂದರು. "ಏನ್ರೀ ಇದು, ಗಾಡಿಯೊಳಗ ಬೆಲ್ಲಾ ಕಾಸೀರೇನು?" "ಯಾರ ಅಂಗಳನೂ ತುಳಿದಿಲ್ಲ ರಾಯರೇ" ಎಂದ ಕರೀಂ ಗಂಭೀರವಾಗಿ. ಕುಂಬಳಕಾಯಿಯ ವಕೀಲರಿಗೆ ಕಪ್ಪು ಹೋಯಿತು.

ಮನೆಗೆ ಬಂದಾಗ ಆಯಿ ಒಲೆಯ ಮುಂದಿದ್ದಳು. ಅಪ್ಪಯ್ಯ ಹೊರಗಿನ ಕೋಣೆಯಲ್ಲಿ ಪಂಚಾಂಗ ಹಿಡಿದು ಕೂತಿದ್ದ. ಆಯಿ ಪಂದ್ಯದ ಸುದ್ದಿ ಕೇಳಲೇ ಇಲ್ಲ.

"ನೋಡಿದ್ಯ?"

"ನೋಡ್ದಿ ಆಯಿ."

"ಹ್ಯಾಂಗಿದ್ದು? ಮೈ ತುಂಬಿದ್ದ, ಸೊರಗಿದ್ದ?"

"ಅರಾಮಿದ್ದು! ಏಳು ಕೊಡ ಹೊತ್ತು ತಂತು ಗೊತ್ತಿದ್ದ?" ಎಂದೆ, ನಾನೇ ಹೊತ್ತವನ ಹಾಗೆ.

"ಮುಖ ಹ್ಯಾಂಗಿತ್ತು ಹೇಳಾ."

ನಾನು ಹೇಳಲು ಬಾಯಿ ತೆರೆದೆ. ನೆನಪು ಮಾಡಿಕೊಂಡರೆ ಕಾಣುವುದು ಗಾಡಿಯ ತೊಟ್ಟಿಯ ಬಾಯಿ, ತಾಮ್ರದ ಕೊಡದ ಅಂಚು, ನೀರಿನ ಧಾರೆ, ಎರಡು ಕೈ, ಹಸಿರು ಬಳೆ. ಮುಖ ನೋಡಿದರೆ ಅತ್ತುಬಿಡುತ್ತೇನೆಂದು ಹೆದರಿ ನಾನು ಅಷ್ಟು ಹೊತ್ತೂ ತೊಟ್ಟಿಯನ್ನೇ ನೋಡುತ್ತ ನಿಂತಿದ್ದೆ. ಅಕ್ಕನ ಮುಖ ನೋಡಲೆಂದು ಗಾಡಿ ಹೊಡೆದು, ಗೆಳೆಯನ ಕಪ್ಪನ್ನೂ ಕಳೆದು ಬಂದ ಮಹಾನುಭಾವ ನಾನು.

"ಭಾವ ಎಂತ ಮಾಡ್ತಿದ್ದ ಅಕ್ಕ ಕೊಡ ಹೊರಕಾದ್ರೆ?" ಎಂದಳು ಆಯಿ.

"ಅಂವ? ಯಂಗೆ ಆಸರಿಗೆ ಎಂತ ಬೇಕು ಕೇಳ್ದ, ಅಕ್ಕಂಗೆ ಮಾತ್ರ ನೀ ಬರಡ, ಒಳಗೆ ಹೋಗು ಹೇಳಿ ಗದರಿಸ್ದ."

ಹೊರಗಿನ ಕೋಣೆಯಲ್ಲಿ ಪಂಚಾಂಗ ಮಡಚಿದ ಸದ್ದಾಯಿತು. "ಅಂವ ಹಾಂಗೆ ಹೇಳ ಪೈಕಿ ಅಲ್ಲ" ಎಂದ ಅಪ್ಪಯ್ಯ, ಯಾರಿಗೆಂದಿಲ್ಲದೆ. ತಪ್ಪದೆ ಆಸರಿ ಕೇಳಿದ ಮನುಷ್ಯ, ಕಾರಣವಿಲ್ಲದೆ ಹೆಂಡತಿಯ ಕೊಡಕ್ಕೆ ಅಡ್ಡ ಬರುವವನಲ್ಲ ಎಂದು ನನಗೆ ಹೊಳೆಯದ್ದು ಅಪ್ಪಯ್ಯನಿಗೆ ಹೊಳೆದಿತ್ತು. ಮಾರನೆಯ ದಿನ ಬೆಳಿಗ್ಗೆ ನೋಡಿದರೆ ಅಪ್ಪಯ್ಯನ ಕೊಡೆಯೂ ಇಲ್ಲ, ಅಪ್ಪಯ್ಯನೂ ಇಲ್ಲ. ಯಲ್ಲಾಪುರದ ಸರ್ವಿಸ್ ಮೋಟಾರು ಹತ್ತಿದ್ದನ್ನು ಕಂಡವರು ಹೇಳಿದರು.

ನೀವು ಗಾಬರಿಯಾಗಬೇಡಿ. ಗೋದಕ್ಕ ಆಮೇಲೆ ನಲವತ್ತು ವರ್ಷ ಬದುಕಿದಳು. ಮಕ್ಕಳನ್ನು ಹೆತ್ತಳು, ನನ್ನ ಮಕ್ಕಳಿಗೂ ಎಂಜಿನ್ನಾಗಿ ಓಡಿದಳು. ಅಪ್ಪಯ್ಯನೂ ಭಾವನೂ ಒಂದೇ ಹರಿವಾಣದಿಂದ ಎಲೆಯಡಿಕೆಯ ಕವಳ ಹಾಕುತ್ತ, ಜಗಳವೇ ಆಗಿಲ್ಲವೇನೋ ಎಂಬಂತೆ ಮಾತಾಡುತ್ತಿದ್ದರು. ಆ ಮನೆಯಲ್ಲಿ ಅಪ್ಪಯ್ಯ ಮೊದಲು ನೀರು ಕುಡಿದದ್ದು ಹೇಗೆಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅವರೆಲ್ಲ ಹೋಗಿ ಎಷ್ಟೋ ಕಾಲವಾಯಿತು. ಅಕ್ಕನ ಮುಖ ಎಷ್ಟೋ ಬಗೆಯಲ್ಲಿ ನನಗೆ ನೆನಪಿದೆ, ಆ ಒಂದು ದಿನದ್ದು ಮಾತ್ರ ಇಲ್ಲ. ಅದು ನನಗೆ ಬೇಕು. ಈಗಲೂ ಬೇಕು.

ಅಂದು ಹೇಳದೆ ಹೋದ ಅಪ್ಪಯ್ಯ ಮೂರನೆಯ ದಿನ ಮಧ್ಯಾಹ್ನದ ಮೋಟಾರಿಗೆ ಬಂದ. ಜೊತೆಗೆ ಭಾವ, ನಡುವೆ ಕಂಬಳಿ ಹೊದ್ದ ಗೋದಕ್ಕ. ಯಲ್ಲಾಪುರ ಸೀಮೆಯ ಚಳಿಜ್ವರ. ಮೂರು ತಿಂಗಳಿಂದ ದಿನ ಬಿಟ್ಟು ದಿನ ಬರುತ್ತಿತ್ತಂತೆ. ನಾವು ಹೋದದ್ದು ಜ್ವರ ಬರುವ ದಿನವೇ, ಅದು ಏರುವ ಹೊತ್ತಿಗೇ. ಮೋಟಾರಿನ ಮೆಟ್ಟಿಲು ಎತ್ತರ. ಇಳಿಸಿಕೊಳ್ಳಲು ನಾನು ಕೈ ಚಾಚಿದೆ, ಅಕ್ಕ ಕೈ ಕೊಟ್ಟಳು. ಅದೇ ಬಿಸಿ. ನಂದೊಳ್ಳಿಯ ರಸ್ತೆಯಲ್ಲಿ ಅದನ್ನು ನಾನು ಗಾಡಿಯ ಬಿಸಿ ಎಂದುಕೊಂಡಿದ್ದೆ. ಆ ಮೈಯಲ್ಲಿ ಅವಳು ಏಳು ಕೊಡ ಹೊತ್ತಿದ್ದಳು. ಮೂರು ಸಾಕಿತ್ತು. ಉಳಿದ ನೀರನ್ನೆಲ್ಲ ನಾವು ಅವಳನ್ನು ಇನ್ನಷ್ಟು ಹೊತ್ತು ನೋಡುವ ಆಸೆಗೆ ನೆಲಕ್ಕೆ ಹರಿಸಿದ್ದೆವು.